ಕೌದಿಯ ಅಡಿಯಲ್ಲಿ ಶಾವಿಗೆ

ಅಮ್ಮನ ಹಳೇ ಕಾಟನ್ ಸೀರೆಗಳನ್ನು ನಾಲ್ಕು ಪದರ ಮಾಡಿ ಹೊಲಿಗೆ ಮಿಷನ್‌ನಲ್ಲಿ ಕೌದಿ ಹೊಲಿಯಲು ಕೂತಿದ್ದೆ. ದಾವಣಗೆರೆ ಬಿಸಿಲು, ಫ್ಯಾನ್ ಹಾಕಿದರೆ ತುಂಡುಗಳೆಲ್ಲ ಹಾರಾಟ. ಅದು ಸಾಲದೆಂಬಂತೆ, ಮೇಲೆ ಹೊಲಿಗೆ ಚೆಂದ, ತಿರುಗಿಸಿದರೆ ಅಡಿಯಲ್ಲಿ ದಾರ ಶಾವಿಗೆ ಹಾಗೆ ಗೋಜಲು!

ಎರಡು ದಿನ ಸುಮ್ನೆ ಬಾಬಿನ್‌ಗೆ (ಅಡಿಯ ದಾರ ಸುತ್ತಿರುವ ಪುಟ್ಟ ಉರುಳೆ) ಬೈದೆ. ಬಿಚ್ಚಿದೆ, ಒರೆಸಿದೆ, ಎಣ್ಣೆ ಬಿಟ್ಟೆ. ಊಹೂಂ.

ತಪ್ಪು ಇದ್ದದ್ದು ಮೇಲಿನ ದಾರದಲ್ಲಿ. ಬಟ್ಟೆ ಒತ್ತಿ ಹಿಡಿಯುವ ಪ್ರೆಸರ್ ಫೂಟ್ ಇಳಿಸಿಕೊಂಡೇ ದಾರ ಪೋಣಿಸುತ್ತಿದ್ದೆ. ಆಗ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ ಬಿಲ್ಲೆಗಳು ಮುಚ್ಚಿಕೊಂಡಿರುತ್ತವೆ, ದಾರ ನಡುವೆ ಕೂರುವುದೇ ಇಲ್ಲ. ಫೂಟ್ ಎತ್ತಿ ಮತ್ತೆ ಪೋಣಿಸಿದೆ. ಪದರ ದಪ್ಪ ಅಲ್ವಾ, 14ನೇ ನಂಬರ್ ಸೂಜಿ ತೆಗೆದು ಅದಕ್ಕಿಂತ ದಪ್ಪನೆಯ 16 ಹಾಕಿದೆ. ಹೊಲಿಗೆಯನ್ನೂ ಸ್ವಲ್ಪ ಉದ್ದ ಮಾಡಿದೆ.

ಈಗ ಅಡಿಯಲ್ಲೂ ನೇರ ಗೆರೆ. ಹಳೇ ಗೋಜಲು ಬಿಚ್ಚುವ ಕೆಲಸ ಮಾತ್ರ ಇನ್ನೂ ಬಾಕಿ ಇದೆ.