ಕಟಕಟ ಅನ್ನುತ್ತಿದ್ದ ಡಿಸ್ಕಿನಿಂದ ಇಮೇಜ್ ತೆಗೆದದ್ದು

ಹಳೇ ಲ್ಯಾಪ್‌ಟಾಪಿನಿಂದ ಬಿಚ್ಚಿಟ್ಟಿದ್ದ 320 ಜಿಬಿ ಹಾರ್ಡ್ ಡಿಸ್ಕು ಅದು. ವರ್ಷಗಟ್ಟಲೆ ಮುಟ್ಟಿರಲಿಲ್ಲ. ಯುಎಸ್‌ಬಿ ಅಡಾಪ್ಟರಿಗೆ ಸಿಕ್ಕಿಸಿದೆ, ತಿರುಗಿತು, ಫೋಲ್ಡರುಗಳೂ ಕಾಣಿಸಿದವು. ಇಷ್ಟೇನಾ ಅಂದುಕೊಂಡು ಒಂದೊಂದೇ ಫೋಲ್ಡರನ್ನು ಎಳೆದು ಕಾಪಿ ಮಾಡತೊಡಗಿದೆ. ಇಪ್ಪತ್ತು ನಿಮಿಷ ಆಗಿರಬೇಕು, ಒಳಗಿನಿಂದ ಕಟಕಟ ಸದ್ದು. ಕಾಪಿ ನಿಂತಿತು, ಮೌಸ್ ಮಾತ್ರ ಅಲ್ಲಾಡುತ್ತಿತ್ತು. ಕೊನೆಗೆ ಡಿಸ್ಕನ್ನು ಹಾಗೇ ಕಿತ್ತೆ.

ನನ್ನ ಮೊದಲ ತಪ್ಪು ಅದೇ. ಕೊನೆಯುಸಿರು ಎಳೆಯುತ್ತಿರುವ ಡಿಸ್ಕನ್ನು ಮೌಂಟ್ ಮಾಡಿ (ಫೈಲುಗಳು ಕಾಣುವಂತೆ ಸಿಸ್ಟಮಿಗೆ ಜೋಡಿಸಿ) ಫೈಲು ಫೈಲಾಗಿ ಓದಿಸಿದರೆ ಅದರ ಓದುವ ಹೆಡ್ಡು ಒಂದೇ ಸಮನೆ ಓಡಾಡುತ್ತಿರುತ್ತದೆ. ಡೈರೆಕ್ಟರಿ ಒಂದು ಕಡೆ, ಫೈಲಿನ ವಿವರ ಇನ್ನೊಂದು ಕಡೆ, ಫೈಲಿನ ತುಂಡುಗಳು ಮತ್ತೆಲ್ಲೋ. ಇರುವ ಅಷ್ಟಿಷ್ಟು ಶಕ್ತಿ ಓಡಾಟಕ್ಕೇ ಖರ್ಚು. ಮಾಡಬೇಕಾಗಿದ್ದೇ ಬೇರೆ: ಒಳಗೆ ಯಾವ ಫೈಲ್‌ಸಿಸ್ಟಮ್ ಇದೆ, ಯಾವ ಫೈಲಿದೆ ಅಂತ ತಲೆ ಕೆಡಿಸಿಕೊಳ್ಳದೆ ಮೊದಲ ಸೆಕ್ಟರಿನಿಂದ (ಡಿಸ್ಕು ಒಮ್ಮೆಗೆ ಓದುವ ಅತಿ ಚಿಕ್ಕ ತುಂಡು) ಕೊನೆಯ ಸೆಕ್ಟರಿನವರೆಗೆ ಸಾಲಾಗಿ ಓದಿ ಒಂದೇ ಫೈಲಿಗೆ ಸುರಿದುಕೊಳ್ಳಬೇಕಿತ್ತು. ಆ ಫೈಲೇ ಡಿಸ್ಕ್ ಇಮೇಜ್. ಫೈಲುಗಳನ್ನು ಹುಡುಕುವ ಕೆಲಸವೆಲ್ಲ ಆಮೇಲೆ, ಇಮೇಜಿನ ಮೇಲೆ, ನಿಧಾನಕ್ಕೆ.

ಇಮೇಜ್ ಅಂದಕೂಡಲೇ ಲಿನಕ್ಸ್ ಬಳಸುವವರ ಕೈ ಹೋಗುವುದು ಡಿಡಿ ಕಡೆಗೆ. ಯುನಿಕ್ಸಿನ ಆರಂಭದ ವರ್ಷಗಳಲ್ಲೇ ಬಂದ, ಇದ್ದದ್ದನ್ನು ಇದ್ದಹಾಗೇ ನಕಲಿಸುವ ಕಮಾಂಡು. ಬೇರೆಲ್ಲ ಕಮಾಂಡುಗಳಂತೆ ಮೈನಸ್ ಗುರುತಿನ ಆಯ್ಕೆಗಳು ಇದಕ್ಕಿಲ್ಲ. ಐಎಫ್ ಸಮ ಇಂಥದ್ದು, ಓಎಫ್ ಸಮ ಇಂಥದ್ದು ಅಂತ ಬರೆಯಬೇಕು. ಐಎಫ್ ಓದುವ ಜಾಗ, ಓಎಫ್ ಬರೆಯುವ ಜಾಗ. ನಡುವೆ ಇರುವುದು ಒಂದೇ ಅಕ್ಷರದ ವ್ಯತ್ಯಾಸ, ಕೀಬೋರ್ಡಿನಲ್ಲಿ ಆ ಎರಡು ಅಕ್ಷರ ಅಕ್ಕಪಕ್ಕದಲ್ಲೇ ಇವೆ. ಒಮ್ಮೆ ನಾನು ಇವೆರಡನ್ನೂ ಅದಲು ಬದಲು ಮಾಡಿ, ತುಂಬಿದ ಪೆನ್‌ಡ್ರೈವಿನ ಮೇಲೆ ಬರೀ ಸೊನ್ನೆಗಳಿದ್ದ ಫೈಲೊಂದನ್ನು ಬರೆದುಬಿಟ್ಟಿದ್ದೇನೆ. ಡಿಡಿ ಏನೂ ಕೇಳುವುದಿಲ್ಲ, 'ಖಾತ್ರಿಯೇ?' ಅನ್ನುವುದಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅಂದಿನಿಂದ ಎಸ್‌ಡಿಬಿ, ಎಸ್‌ಡಿಸಿ ಅಂತ ಲಿನಕ್ಸ್ ಡಿಸ್ಕುಗಳಿಗೆ ಕೊಡುವ ಹೆಸರುಗಳನ್ನು ನಂಬುವುದು ಬಿಟ್ಟೆ. ಬಿಚ್ಚಿ ಮತ್ತೆ ಸಿಕ್ಕಿಸಿದರೆ ಅವು ಬದಲಾಗುತ್ತವೆ. ಡೆವ್ ಅಡಿಯಲ್ಲಿ ಡಿಸ್ಕ್, ಅದರೊಳಗೆ ಬೈ-ಐಡಿ ಅನ್ನುವ ಡೈರೆಕ್ಟರಿ ಇದೆ. ಅಲ್ಲಿ ಡಿಸ್ಕಿನ ಮಾಡೆಲ್ ಮತ್ತು ಸೀರಿಯಲ್ ನಂಬರೇ ಹೆಸರು. ಉದ್ದ ಇರುತ್ತದೆ, ಇರಲಿ. ತಪ್ಪಾಗಿ ಟೈಪ್ ಮಾಡಲು ಆಗದಷ್ಟು ಉದ್ದ ಇರುವುದೇ ಅದರ ಗುಣ.

ಕಟಕಟ ಡಿಸ್ಕಿಗೆ ಡಿಡಿ ಓಡಿಸಿದಾಗ ಮೊದಲ ಓದುವ ದೋಷಕ್ಕೇ ಅದು ನಿಂತಿತು. ಹಾಗೆ ನಿಲ್ಲಬಾರದೆಂದರೆ ನೋಎರರ್ (ದೋಷ ಬಂದರೂ ಮುಂದುವರಿ) ಮತ್ತು ಸಿಂಕ್ (ಸಿಗದ ಜಾಗಕ್ಕೆ ಸೊನ್ನೆ ತುಂಬು) ಎಂಬ ಎರಡು ಮಾತು ಸೇರಿಸಿ ಅನ್ನುವ ಸಲಹೆ ಎಲ್ಲ ಕಡೆ ಸಿಗುತ್ತದೆ. ಸೇರಿಸಿದೆ. ಆದರೆ ವೇಗ ಸಿಗಲಿ ಅಂತ ಬ್ಲಾಕ್ ಅಳತೆ, ಅಂದರೆ ಒಮ್ಮೆಗೆ ಓದುವ ತುಂಡು, 1 ಎಂಬಿ ಇಟ್ಟಿದ್ದೆ. ಒಂದು ಎಂಬಿಯಲ್ಲಿ 512 ಬೈಟಿನ ಸೆಕ್ಟರುಗಳು 2048 ಇರುತ್ತವೆ. ಅದರಲ್ಲಿ ಒಂದು ಕೆಟ್ಟಿದ್ದರೂ ಸುತ್ತಲಿನ ಒಳ್ಳೆಯ ಸೆಕ್ಟರುಗಳ ಜಾಗಕ್ಕೂ ಸೊನ್ನೆ ಬಂದು ಕೂರುತ್ತದೆ. ಬ್ಲಾಕನ್ನು 512ಕ್ಕೆ ಇಳಿಸಿದರೆ ನಷ್ಟ ಕಡಿಮೆ, ಆದರೆ ಡಿಸ್ಕು ಪ್ರತಿ ಕೆಟ್ಟ ಜಾಗದಲ್ಲೂ ಹೆಣಗಾಡುತ್ತಾ ಮುಂದಿನ ಒಳ್ಳೆಯ ಭಾಗ ತಲುಪುವ ಮೊದಲೇ ಸತ್ತುಹೋಗಬಹುದು. ಗಟ್ಟಿಯಾಗಿರುವ ಡಿಸ್ಕಿಗೆ ಡಿಡಿ ಸಾಕು, ಸ್ಟೇಟಸ್ ಸಮ ಪ್ರೋಗ್ರೆಸ್ ಅಂತ ಸೇರಿಸಿದರೆ ಎಷ್ಟಾಯಿತೆಂದೂ ಹೇಳುತ್ತದೆ. (ಈ ಸೌಲಭ್ಯ ಬಂದದ್ದು 2015ರಲ್ಲಿ. ಅದಕ್ಕೆ ಮುಂಚೆ ಇನ್ನೊಂದು ಟರ್ಮಿನಲಿನಿಂದ ಕಿಲ್ ಕಮಾಂಡಿನಲ್ಲಿ ಸಿಗ್ನಲ್ ಕಳಿಸಿ ವಿಚಾರಿಸಬೇಕಿತ್ತು. ಯೋಗಕ್ಷೇಮ ಕೇಳಲು ಕಿಲ್!) ಕಾಯಿಲೆ ಬಿದ್ದ ಡಿಸ್ಕಿಗೆ ಮಾತ್ರ ಡಿಡಿ ಮುಟ್ಟಿಸಬಾರದು ಅನ್ನುವುದು ನನ್ನ ಖಡಾಖಂಡಿತ ಅಭಿಪ್ರಾಯ.

ಅದಕ್ಕಿರುವುದು ಗ್ನೂ ಡಿಡಿರೆಸ್ಕ್ಯೂ. ಡೆಬಿಯನ್, ಉಬುಂಟುಗಳಲ್ಲಿ ಪ್ಯಾಕೇಜಿನ ಹೆಸರು ಜಿಡಿಡಿರೆಸ್ಕ್ಯೂ, ಕಮಾಂಡಿನ ಹೆಸರು ಡಿಡಿರೆಸ್ಕ್ಯೂ. ನಡುವೆ ಅಡಿಗೆರೆ ಇರುವ ಇನ್ನೊಂದು ಡಿಡಿ_ರೆಸ್ಕ್ಯೂ ಬೇರೆಯೇ ಪ್ರೋಗ್ರಾಮು, ಗೊಂದಲ ಬೇಡ. ಇದರ ಜಾಣತನ ಇಷ್ಟೇ: ಸುಲಭವಾಗಿ ಸಿಗುವುದನ್ನು ಮೊದಲು ಬಾಚಿಕೊಳ್ಳುತ್ತದೆ. ಕೆಟ್ಟ ಜಾಗ ಸಿಕ್ಕರೆ ಅಲ್ಲಿ ಗುದ್ದಾಡದೆ ಹಾರಿ ಮುಂದೆ ಹೋಗುತ್ತದೆ, ಗುರುತು ಹಾಕಿಟ್ಟುಕೊಳ್ಳುತ್ತದೆ. ಆಮೇಲೆ ವಾಪಸು ಬಂದು ಕೆಟ್ಟ ಭಾಗದ ಅಂಚುಗಳನ್ನು ಸವರುತ್ತದೆ, ಕೊನೆಗೆ ಉಳಿದದ್ದನ್ನು ಸೆಕ್ಟರು ಸೆಕ್ಟರಾಗಿ ಕೆರೆಯುತ್ತದೆ.

ಕಮಾಂಡಿಗೆ ಮೂರು ಹೆಸರು ಕೊಡಬೇಕು: ಡಿಸ್ಕು, ಇಮೇಜ್ ಫೈಲು, ಮ್ಯಾಪ್ ಫೈಲು. ಮೂರನೆಯದನ್ನು ಕೊಡದಿದ್ದರೂ ಓಡುತ್ತದೆ, ಹಾಗಾಗಿ ಬಹಳ ಜನ ಬಿಟ್ಟುಬಿಡುತ್ತಾರೆ. ಬಿಡಬೇಡಿ, ಪ್ರಾಣ ಇರುವುದೇ ಅದರಲ್ಲಿ. ಮ್ಯಾಪ್ ಫೈಲು ಬರೀ ಪಠ್ಯ, ಯಾವ ಎಡಿಟರಿನಲ್ಲಾದರೂ ತೆರೆದು ನೋಡಬಹುದು. ಪ್ರತಿ ಸಾಲಿನಲ್ಲಿ ಭಾಗ ಶುರುವಾಗುವ ಜಾಗ, ಉದ್ದ, ಒಂದು ಚಿಹ್ನೆ. ಪ್ಲಸ್ ಇದ್ದರೆ ಸಿಕ್ಕಿದೆ, ಪ್ರಶ್ನಾರ್ಥಕ ಇದ್ದರೆ ಇನ್ನೂ ಮುಟ್ಟಿಲ್ಲ, ನಕ್ಷತ್ರ ಇದ್ದರೆ ಅಂಚು ಸವರಬೇಕು, ಓರೆಗೆರೆ ಇದ್ದರೆ ಕೆರೆಯಬೇಕು, ಮೈನಸ್ ಇದ್ದರೆ ಕೆಟ್ಟದ್ದು. ಈ ಫೈಲು ಇರುವುದರಿಂದ ಯಾವಾಗ ಬೇಕಾದರೂ ಕಂಟ್ರೋಲ್-ಸಿ ಒತ್ತಿ ನಿಲ್ಲಿಸಿ, ಡಿಸ್ಕು ತಣ್ಣಗಾದ ಮೇಲೆ ಅದೇ ಕಮಾಂಡನ್ನು ಮತ್ತೆ ಕೊಟ್ಟರೆ ಬಿಟ್ಟಲ್ಲಿಂದ ಮುಂದುವರಿಯುತ್ತದೆ.

ಮೊದಲ ಸುತ್ತು ಮೈನಸ್ ಎನ್ ಹಾಕಿ ಓಡಿಸಿದೆ, ಅಂದರೆ ಕೆರೆಯುವ ಕೆಲಸ ಈಗ ಬೇಡ ಅಂತ. ಮೊದಲ ಸಂಜೆಗೇ ಹೆಚ್ಚುಕಡಿಮೆ ಎಲ್ಲ ಬಂದಿತ್ತು. ಉಳಿದ ಚೂರುಪಾರಿಗೆ ಎರಡನೆಯ ಸುತ್ತು, ಮೈನಸ್ ಡಿ ಮತ್ತು ಮೈನಸ್ ಆರ್ 3: ಕರ್ನಲ್ಲಿನ (ಆಪರೇಟಿಂಗ್ ಸಿಸ್ಟಮಿನ ತಿರುಳಿನ) ಕ್ಯಾಶೆ ಬಿಟ್ಟು ನೇರ ಓದು, ಮೂರು ಸಲ ಪ್ರಯತ್ನಿಸು. ಇದಕ್ಕೆ ಒಂದೂವರೆ ದಿನ ಹಿಡಿಯಿತು, ನಡುವೆ ರಾತ್ರಿ ನಿಲ್ಲಿಸಿದ್ದೆ. ಡಿಸ್ಕಿನಲ್ಲಿದ್ದದ್ದು ಒಟ್ಟು 62,51,42,448 ಸೆಕ್ಟರು. ಕೊನೆಗೆ ಸಿಗದೇ ಹೋದದ್ದು 41.

ನಲವತ್ತೊಂದೇ ಅಂತ ಖುಷಿಯಾದರೂ ಆ 41 ಯಾವ ಫೈಲಿನೊಳಗೆ ಬಿದ್ದಿವೆ ಅನ್ನುವುದು ತಲೆ ತಿನ್ನುತ್ತಿತ್ತು. ಅದಕ್ಕೂ ಡಿಡಿರೆಸ್ಕ್ಯೂನಲ್ಲೇ ಉಪಾಯ ಇದೆ, ಫಿಲ್ ಮೋಡ್. ಚಿಕ್ಕದೊಂದು ಫೈಲಿನಲ್ಲಿ ಬೇರೆಲ್ಲೂ ಸಿಗದಂಥ ಪದವೊಂದನ್ನು ಬರೆದಿಟ್ಟುಕೊಂಡು, ಮೈನಸ್ ಚಿಹ್ನೆಯ ಜಾಗಗಳನ್ನೆಲ್ಲ ಇದರಿಂದ ತುಂಬು ಅಂತ ಹೇಳಬಹುದು. ಇಮೇಜಿನ ಮತ್ತು ಮ್ಯಾಪಿನ ನಕಲಿನ ಮೇಲೆ ಮಾತ್ರ. ಅಸಲಿನ ಮೇಲೆ ಮಾಡಿದರೆ ಮುಗಿಯಿತು. ಆಮೇಲೆ ನಕಲನ್ನು ಮೌಂಟ್ ಮಾಡಿ ಗ್ರೆಪ್‌ನಲ್ಲಿ ಆ ಪದವನ್ನು ಹುಡುಕಿದೆ. ಎರಡು ಫೋಟೋ, ಒಂದು ಹಳೆಯ ಮೇಲ್‌ಬಾಕ್ಸ್ ಫೈಲು. ಉಳಿದವು ಖಾಲಿ ಜಾಗದಲ್ಲಿದ್ದವು. ಫೋಟೋಗಳಲ್ಲಿ ಒಂದು ಅರ್ಧಕ್ಕೆ ಬೂದು ಬಣ್ಣವಾಗಿದೆ, ಇನ್ನೊಂದು ತೆರೆಯುವುದೇ ಇಲ್ಲ. ಏನು ಹೋಯಿತು ಅಂತ ಹೆಸರು ಹಿಡಿದು ಗೊತ್ತಾದದ್ದೇ ಎಷ್ಟೋ ಸಮಾಧಾನ.

ಇಮೇಜ್ ಕೈಗೆ ಬಂತು, ಎಸ್‌ಎಚ್‌ಎ256ಸಮ್ ಓಡಿಸಿ ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಬರೆದಿಟ್ಟೆ. ಇನ್ನು ಮುಗಿಯಿತು ಅಂದುಕೊಂಡಿದ್ದೆ. ಎರಡನೆಯ ತಪ್ಪು ಅಲ್ಲೇ ಕಾದಿತ್ತು.

ಇಡೀ ಡಿಸ್ಕಿನ ಇಮೇಜನ್ನು ನೇರವಾಗಿ ಮೌಂಟ್ ಮಾಡಲಾಗದು, ಅದರ ಮೊದಲಿಗೆ ಪಾರ್ಟಿಷನ್‌ಗಳ (ಡಿಸ್ಕಿನ ವಿಭಾಗಗಳ) ಪಟ್ಟಿ ಇರುತ್ತದೆ. ಎಫ್‌ಡಿಸ್ಕ್ ಮೈನಸ್ ಎಲ್ ಕೊಟ್ಟರೆ ಪಾರ್ಟಿಷನ್ ಯಾವ ಸೆಕ್ಟರಿನಿಂದ ಶುರು ಅಂತ ಹೇಳುತ್ತದೆ. ಈಚಿನ ಡಿಸ್ಕುಗಳಲ್ಲಿ ಸಾಮಾನ್ಯವಾಗಿ 2048, ನನ್ನದು ಹಳೆಯದಾದ್ದರಿಂದ 63. 63 ಗುಣಿಸು 512, ಅಂದರೆ 32,256. ಅಷ್ಟನ್ನು ಆಫ್‌ಸೆಟ್ ಅಂತ ಕೊಟ್ಟು ಮೌಂಟ್ ಮಾಡುವುದು ಹಳೆಯ ದಾರಿ. ಸುಲಭದ ದಾರಿ ಲೋಸೆಟಪ್: ಮೈನಸ್ ಎಫ್ ಖಾಲಿ ಲೂಪ್ ಡಿವೈಸ್ (ಫೈಲನ್ನೇ ಡಿಸ್ಕಿನಂತೆ ತೋರಿಸುವಂಥದ್ದು) ಹುಡುಕುತ್ತದೆ, ದೊಡ್ಡ ಪಿ ಒಳಗಿನ ಪಾರ್ಟಿಷನ್‌ಗಳನ್ನೂ ತೋರಿಸುತ್ತದೆ. ಹಾಗೇ ಮಾಡಿದೆ, ಪಾರ್ಟಿಷನ್ನನ್ನು ರೀಡ್-ಓನ್ಲಿ ಅಂತ ಹೇಳಿಯೇ ಮೌಂಟ್ ಮಾಡಿದೆ. ಫೈಲುಗಳನ್ನು ಹೊರಗೆ ತೆಗೆದುಕೊಂಡು ಅನ್‌ಮೌಂಟ್ ಮಾಡಿ, ಸುಮ್ಮನೆ ಇರಲಿ ಅಂತ ಚೆಕ್‌ಸಮ್ ನೋಡಿದರೆ ಹೊಂದುತ್ತಿಲ್ಲ! ನಾನು ಒಂದು ಅಕ್ಷರವನ್ನೂ ಬರೆದಿಲ್ಲ.

ಬರೆದದ್ದು ಕರ್ನಲ್ಲು. ಒಳಗಿದ್ದದ್ದು ಇಎಕ್ಸ್‌ಟಿ3 ಫೈಲ್‌ಸಿಸ್ಟಮ್, ಅದಕ್ಕೆ ಜರ್ನಲ್, ಅಂದರೆ ಮಾಡಬೇಕಾದ ಬದಲಾವಣೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುವ ದಿನಚರಿ, ಇದೆ. ಕಾಪಿ ಮಧ್ಯೆ ಡಿಸ್ಕನ್ನು ಕಿತ್ತಿದ್ದೆನಲ್ಲ, ಹಾಗಾಗಿ ಅದು ಸರಿಯಾಗಿ ಮುಚ್ಚಿರಲಿಲ್ಲ. ಅಂಥದ್ದನ್ನು ರೀಡ್-ಓನ್ಲಿ ಆಗಿ ಮೌಂಟ್ ಮಾಡಿದರೂ ಕೆಳಗಿನ ಡಿವೈಸಿಗೆ ಬರೆಯಲು ಸಾಧ್ಯವಿದ್ದರೆ ಕರ್ನಲ್ ಮೊದಲು ಜರ್ನಲ್ಲಿನ ಬಾಕಿ ಕೆಲಸ ಮುಗಿಸುತ್ತದೆ, ಅಂದರೆ ಇಮೇಜಿಗೆ ಬರೆಯುತ್ತದೆ. ಫೈಲಿಗೆ ಬರೆಯುವ ಅನುಮತಿ ತೆಗೆದಿದ್ದರೂ ಪ್ರಯೋಜನವಿಲ್ಲ, ಕೆಲಸ ಮಾಡುತ್ತಿರುವುದು ಎಲ್ಲ ಅಧಿಕಾರ ಇರುವ ರೂಟ್ ಬಳಕೆದಾರ. ಸರಿಯಾದ ಕ್ರಮ ಎರಡು ಹೆಜ್ಜೆಯದು: ಲೋಸೆಟಪ್‌ಗೆ ಚಿಕ್ಕ ಆರ್ ಸೇರಿಸಿ ಲೂಪ್ ಡಿವೈಸನ್ನೇ ಬರೆಯಲಾಗದಂತೆ ಮಾಡಬೇಕು, ಮೌಂಟ್ ಮಾಡುವಾಗ ಆರ್‌ಓ ಜೊತೆ ನೋಲೋಡ್ ಅನ್ನಬೇಕು. ನೋಲೋಡ್ ಅಂದರೆ ಜರ್ನಲ್ ಮುಟ್ಟಬೇಡ ಅಂತ. ಅದೃಷ್ಟಕ್ಕೆ ಫಿಲ್ ಮೋಡಿಗೆಂದು ಮಾಡಿದ ನಕಲಿನ ಜೊತೆ ಮುಟ್ಟದ ಇನ್ನೊಂದು ನಕಲೂ ಇತ್ತು. ಅಂದಿನಿಂದ ನನ್ನ ಲೆಕ್ಕದಲ್ಲಿ ಇಮೇಜ್ ಮುಗಿಯುವುದು ಕಾಪಿ ನಿಂತಾಗ ಅಲ್ಲ. ತೆರೆದು, ಎರಡು ಫೈಲು ಓದಿ, ಮುಚ್ಚಿದ ಮೇಲೂ ಚೆಕ್‌ಸಮ್ ಅದೇ ಬಂದಾಗ.

ಆ ಹುರುಪಿನಲ್ಲೇ ಪೆಟ್ಟಿಗೆಯಲ್ಲಿದ್ದ ಡೇಟಾ ಸೀಡಿಗಳನ್ನೂ ಹಿಡಿದುಕೊಂಡೆ. ಸೀಡಿಯ ಸೆಕ್ಟರ್ 2048 ಬೈಟು, ಡಿಡಿಗೆ ಬಿಎಸ್ (ಬ್ಲಾಕ್ ಅಳತೆ) 2048 ಕೊಟ್ಟರೆ ಸೀಡಿಯ ಇಮೇಜ್, ಅಂದರೆ ಐಎಸ್‌ಓ ಫೈಲು ಸಿದ್ಧ. ಆದರೆ ನಾನೇ ಬರೆದಿದ್ದ ಎಷ್ಟೋ ಸೀಡಿಗಳು ಕಟ್ಟಕಡೆಯಲ್ಲಿ ಓದುವ ದೋಷ ಕೊಟ್ಟವು. ಎಲ್ಲವೂ ಒಂದೇ ಜಾಗದಲ್ಲಿ ಹೇಗೆ ಕೆಡುತ್ತವೆ? ಕೆಟ್ಟಿರಲಿಲ್ಲ. ಟ್ರ್ಯಾಕ್-ಅಟ್-ಒನ್ಸ್ ವಿಧಾನದಲ್ಲಿ ಬರೆದ ಸೀಡಿಯ ಕೊನೆಗೆ ಓದಲಾಗದ ಎರಡು ರನ್-ಔಟ್ ಬ್ಲಾಕುಗಳು ಇರುತ್ತವೆ, ಅವು ಡೇಟಾ ಅಲ್ಲ. ಐಸೋಇನ್ಫೋ ಮೈನಸ್ ಡಿ ಕೊಟ್ಟರೆ ವಾಲ್ಯೂಮ್ ಎಷ್ಟು ಬ್ಲಾಕಿನದು ಅಂತ ಹೇಳುತ್ತದೆ. ಆ ಸಂಖ್ಯೆಯನ್ನೇ ಡಿಡಿಗೆ ಕೌಂಟ್ ಅಂತ ಕೊಟ್ಟರೆ ದೋಷವೇ ಬರುವುದಿಲ್ಲ. ಇದು ಗೊತ್ತಾಗುವ ಮೊದಲು ನಾಲ್ಕು ಒಳ್ಳೆಯ ಸೀಡಿಗಳನ್ನು ಕಸದ ಬುಟ್ಟಿಗೆ ಹಾಕಿದ್ದೆ, ಹೋಗಿ ಎತ್ತಿಕೊಂಡು ಬಂದೆ.

ಫೋಲ್ಡರಿನಿಂದ ಹೊಸ ಐಎಸ್‌ಓ ಮಾಡುವುದಾದರೆ ಜೆನ್‌ಐಸೋಇಮೇಜ್ ಅಥವಾ ಕ್ಸೋರಿಸೋ, ನಾನು ಈಗ ಎರಡನೆಯದನ್ನೇ ಬಳಸುತ್ತೇನೆ. ಕನ್ನಡದಲ್ಲಿ ಫೈಲಿಗೆ ಹೆಸರಿಡುವವರು ಒಂದನ್ನು ಗಮನಿಸಬೇಕು. 1988ರ ಮೂಲ ಐಎಸ್‌ಓ 9660 ಮಾನದಂಡಕ್ಕೆ ಇಂಗ್ಲಿಷ್ ದೊಡ್ಡಕ್ಷರ, ಅಂಕಿ, ಅಡಿಗೆರೆ ಬಿಟ್ಟರೆ ಬೇರೆ ಅಕ್ಷರ ಗೊತ್ತಿಲ್ಲ. ಜೋಲಿಯೆಟ್ ಎಂಬ ವಿಸ್ತರಣೆ ಸೇರಿಸಿದರೆ ಕನ್ನಡ ಬರುತ್ತದೆ, ಆದರೆ ಹೆಸರಿಗೆ 64 ಅಕ್ಷರಗಳ ಮಿತಿ. 'ಕ್ಷ' ನಮಗೆ ಒಂದಕ್ಷರ, ಅದರ ಲೆಕ್ಕದಲ್ಲಿ ಮೂರು. ಉದ್ದ ಹೆಸರುಗಳ ಬಾಲ ಕತ್ತರಿಸಿ ಹೋಗಿರುತ್ತದೆ. ರಾಕ್ ರಿಡ್ಜ್ ಎಂಬ ಇನ್ನೊಂದು ವಿಸ್ತರಣೆಯನ್ನೂ ಸೇರಿಸಿದರೆ ಲಿನಕ್ಸಿನಲ್ಲಾದರೂ ಪೂರ್ತಿ ಕಾಣುತ್ತದೆ.

ಫ್ಲಾಪಿಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ: ಇಮೇಜ್ 14,74,560 ಬೈಟ್ ಬಂದಿದ್ದರೆ ಪೂರ್ತಿ ಬಂದಿದೆ. 1.44 ಎಂಬಿ ಅನ್ನುವ ಹೆಸರು 1440 ಗುಣಿಸು 1024ರಿಂದ ಬಂದದ್ದು, ಎರಡು ಬಗೆಯ ಎಂಬಿಯಲ್ಲಿ (ಹತ್ತು ಲಕ್ಷ ಬೈಟಿನದು, 1024 ಗುಣಿಸು 1024 ಬೈಟಿನದು) ಯಾವುದಕ್ಕೂ ಸೇರದ ಅಡ್ಡಕಸುಬಿ ಲೆಕ್ಕ.

ಇಷ್ಟನ್ನೆಲ್ಲ ಇಡುವುದೆಲ್ಲಿ ಅನ್ನುವುದು ಮುಂದಿನ ತಲೆನೋವು. 320 ಜಿಬಿ ಡಿಸ್ಕಿನಲ್ಲಿ ನಿಜವಾಗಿ ಬಳಕೆಯಾಗಿದ್ದದ್ದು ಮೂರನೇ ಒಂದು ಭಾಗ, ಇಮೇಜ್ ಮಾತ್ರ ಪೂರ್ತಿ 320. ಜಿಜಿಪ್ ಮಾಡಬಹುದು, ಆದರೆ ಒಂದು ಫೋಟೋ ನೋಡಬೇಕೆಂದರೂ ಇಡೀ ಗಂಟು ಬಿಚ್ಚಬೇಕು. ನನಗೆ ಹಿಡಿಸಿದ್ದು ಕುಗ್ಗಿಸಿಟ್ಟ, ಓದಲು ಮಾತ್ರ ಬರುವ ಫೈಲ್‌ಸಿಸ್ಟಮ್ ಆದ ಸ್ಕ್ವಾಷ್‌ಎಫ್‌ಎಸ್. ಇಮೇಜ್, ಮ್ಯಾಪ್, ಚೆಕ್‌ಸಮ್, ಓಡಿಸಿದ ಕಮಾಂಡುಗಳನ್ನು ಬರೆದಿಟ್ಟ ಟಿಪ್ಪಣಿ, ನಾಲ್ಕನ್ನೂ ಒಂದು ಫೋಲ್ಡರಿಗೆ ಹಾಕಿ ಎಂಕೆಸ್ಕ್ವಾಷ್‌ಎಫ್‌ಎಸ್ ಓಡಿಸುತ್ತೇನೆ, ಕಂಪ್ರೆಷನ್ನಿಗೆ ಝಡ್‌ಸ್ಟ್ಯಾಂಡರ್ಡ್. ಬರುವ ಫೈಲು ಕುಗ್ಗಿಯೂ ಇರುತ್ತದೆ, ಬಿಚ್ಚದೆಯೇ ಮೌಂಟ್ ಮಾಡಿ ಒಳಗಿನ ಇಮೇಜನ್ನು ಮತ್ತೆ ಲೂಪ್ ಮೌಂಟ್ ಮಾಡಲೂ ಬರುತ್ತದೆ. ಸ್ಕ್ವಾಷ್‌ಎಫ್‌ಎಸ್‌ಗೆ ಬರೆಯಲು ಬರುವುದೇ ಇಲ್ಲವಾದ್ದರಿಂದ ಜರ್ನಲ್ಲಿನ ಕಾಟವೂ ತಪ್ಪಿತು. ನಿರೀಕ್ಷಿಸಿದಷ್ಟು ಕುಗ್ಗದಿದ್ದರೆ ಆಶ್ಚರ್ಯಪಡಬೇಡಿ. ಖಾಲಿ ಅನ್ನುವ ಜಾಗದಲ್ಲಿ ಅಳಿಸಿದ ಫೈಲುಗಳ ಅವಶೇಷ ತುಂಬಿರುತ್ತದೆ. ಅದನ್ನು ಸೊನ್ನೆ ಮಾಡಲು ಝೀರೋಫ್ರೀ ಇದೆ, ನಾನು ಮಾಡಿಲ್ಲ. ಅಳಿಸಿದ್ದರಲ್ಲೂ ಒಂದು ದಿನ ಏನಾದರೂ ಬೇಕಾದೀತು.

ಮ್ಯಾಕ್ ಬಳಸುವವರಿಗೆ ಎಚ್‌ಡಿಐಯುಟಿಲ್ ಒಂದೇ ಸಾಕು, ಸೃಷ್ಟಿಸುವುದು, ಜೋಡಿಸುವುದು, ರೂಪ ಬದಲಿಸುವುದು ಎಲ್ಲ ಅದರಲ್ಲೇ. ಯುಡಿಝಡ್‌ಓ ರೂಪದ ಡಿಎಂಜಿ (ಮ್ಯಾಕಿನ ಇಮೇಜ್ ಫೈಲು) ಕುಗ್ಗಿಯೂ ಇರುತ್ತದೆ, ಬರೆಯಲೂ ಆಗದು. ಆದರೆ ಅದನ್ನು ಲಿನಕ್ಸಿನಲ್ಲಿ ತೆರೆಯಲು ಡಿಎಂಜಿ2ಐಎಂಜಿಯಂಥ ಇನ್ನೊಂದು ಸಾಧನ ಹುಡುಕಬೇಕಾಗುತ್ತದೆ. ಬಹುಕಾಲ ಇಡುವುದಕ್ಕೆ, ಸ್ಕ್ವಾಷ್‌ಎಫ್‌ಎಸ್ ಒಳಗೆ ಇಟ್ಟರೂ ಸರಿ, ಕಚ್ಚಾ ಇಮೇಜಿಗಿಂತ ಬೇರೆ ಯಾವ ರೂಪದ ಮೇಲೂ ನನಗೆ ನಂಬಿಕೆ ಇಲ್ಲ.

ಬಾಕಿ ಉಳಿದಿರುವುದು ಹನ್ನೊಂದು ಆಡಿಯೋ ಸೀಡಿ. ಅವುಗಳ ಸೆಕ್ಟರ್ 2352 ಬೈಟಿನದು, ಒಳಗೆ ಫೈಲ್‌ಸಿಸ್ಟಮ್ ಇಲ್ಲ, ಡಿಡಿಗೆ ಬಗ್ಗುವುದಿಲ್ಲ. ಸಿಡಿಪ್ಯಾರನೋಯಾ ಹಾಡುಗಳನ್ನು ತೆಗೆದುಕೊಡುತ್ತದೆ, ಆದರೆ ಅದು ಇಮೇಜ್ ಅಲ್ಲ. ಪೂರ್ತಿ ಸೀಡಿಯ ಇಮೇಜ್ ತೆಗೆಯುವ ಸಿಡಿಆರ್‌ಡಿಎಓ ಹಾಕಿಕೊಂಡಿದ್ದೇನೆ, ಮೊದಲ ಸೀಡಿ ಡ್ರೈವಿನೊಳಗೆ ಇದೆ.