ಮಕ್ಕಳ ಗಡಿಯಾರ ಬದಲಿಸಬೇಡಿ: ಪುಟಾಣಿಗಳ ಜೊತೆ ಸಿಂಗಪುರ ಸುತ್ತುವುದು ಹೇಗೆ?

ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಮೊದಲ ಸಲ ಹೋದಾಗ ನಾವು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಮೃಗಾಲಯದ ಗೇಟು ತೆಗೆಯುವಾಗಲೇ ಅಲ್ಲಿರಬೇಕು ಅಂತ ಐದು ವರ್ಷದ ಮಗಳನ್ನೂ ಎರಡು ವರ್ಷದ ಮಗನನ್ನೂ ಅಲ್ಲಿಯ ಆರೂವರೆಗೆ ಎಬ್ಬಿಸಿದೆವು. ಅಂದರೆ ಬೆಂಗಳೂರಿನ ನಸುಕಿನ ನಾಲ್ಕು ಗಂಟೆ! ಹೊರಗೆ ಇನ್ನೂ ಕತ್ತಲು. ಅಲ್ಲಿ ವರ್ಷಪೂರ್ತಿ ಸೂರ್ಯ ಹುಟ್ಟುವುದೇ ಹೆಚ್ಚು ಕಡಿಮೆ ಏಳಕ್ಕೆ. ಒರಾಂಗುಟಾನ್ ತಲೆ ಮೇಲೆ ಹಗ್ಗ ಹಿಡಿದು ಹೋಗುತ್ತಿದ್ದರೆ ಮಗ ಸ್ಟ್ರೋಲರಿನಲ್ಲಿ ಬಾಯಿ ತೆರೆದು ಮಲಗಿದ್ದ. ಮಗಳು ಆನೆಯ ಮುಂದೆ ನಿಂತು "ರೂಮಿಗೆ ಹೋಗೋಣಾ" ಅಂತ ರಾಗ ಎಳೆಯುತ್ತಿದ್ದಳು.

ಮರುದಿನದಿಂದ ಮಕ್ಕಳನ್ನು ಅವರ ಪಾಡಿಗೆ ಬೆಂಗಳೂರು ಟೈಮಿನಲ್ಲೇ ಬಿಟ್ಟೆವು. ಪ್ರವಾಸ ದಾರಿಗೆ ಬಂತು.

ಹೆಜ್ಜೆ 1: ಹೊರಡುವ ಮುಂಚಿನ ಕಾಗದಪತ್ರ

ಭಾರತೀಯರಿಗೆ ವೀಸಾ ಬೇಕು, ಹಾಲು ಕುಡಿಯುವ ಕೂಸಿಗೂ ಬೇಕು. ಅಧಿಕೃತ ಏಜೆಂಟರ ಮೂಲಕ ಮಾಡಿಸಿಕೊಳ್ಳಿ. ಪಾಸ್‌ಪೋರ್ಟಿಗೆ ಕನಿಷ್ಠ ಆರು ತಿಂಗಳ ಅವಧಿ ಉಳಿದಿರಲಿ. ಅಲ್ಲಿ ಇಳಿಯುವ ಮುಂಚಿನ ಮೂರು ದಿನದೊಳಗೆ ಆನ್‌ಲೈನಿನಲ್ಲಿ ಎಸ್‌ಜಿ ಅರೈವಲ್ ಕಾರ್ಡ್ ತುಂಬಬೇಕು, ಮಕ್ಕಳದ್ದೂ ಸೇರಿ. ಇದು ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ ಅಂತಲೇ ತಿಳಿಯಿರಿ.

ಬ್ಯಾಗಿನಲ್ಲಿ ಗೊಜ್ಜವಲಕ್ಕಿ, ಚಟ್ನಿಪುಡಿ, ರಾಗಿ ಹುರಿಹಿಟ್ಟು ಇಟ್ಟುಕೊಳ್ಳಿ. ಆದರೆ ಗಸಗಸೆ ಮಾತ್ರ ಬೇಡ. ಅಜ್ಜಿ ಪಾಯಸಕ್ಕೆ ಅಂತ ಕಟ್ಟಿಕೊಟ್ಟಿದ್ದರೂ ಮನೆಯಲ್ಲೇ ಬಿಟ್ಟು ಬನ್ನಿ. ಸಿಂಗಪುರದಲ್ಲಿ ಅದು ನಿಷಿದ್ಧ ವಸ್ತು. ಚೂಯಿಂಗ್ ಗಮ್ ಒಯ್ಯುವುದಕ್ಕೂ 1992ರಿಂದ ನಿಷೇಧವಿದೆ.

ಹೆಜ್ಜೆ 2: ದಿನವನ್ನು ಎರಡು ತುಂಡು ಮಾಡಿ

ಬೆಂಗಳೂರಿನಲ್ಲಿ ಏಳಕ್ಕೆ ಏಳುವ ಮಗು ಅಲ್ಲಿ ಒಂಬತ್ತೂವರೆಗೆ ಏಳುತ್ತದೆ. ಏಳಲಿ ಬಿಡಿ. ನಿಧಾನವಾಗಿ ತಿಂಡಿ ಮುಗಿಸಿ ಹನ್ನೊಂದರ ಹೊತ್ತಿಗೆ ಹೊರಡಿ. ಅಷ್ಟರಲ್ಲಿ ಬಿಸಿಲು ಏರಿರುತ್ತದೆ, ಸೆಕೆ ಅಂದರೆ ನಮ್ಮ ಮಂಗಳೂರಿನ ಏಪ್ರಿಲ್ ಸೆಕೆ. ಹಾಗಾಗಿ ಮೊದಲ ತುಂಡಿಗೆ ನೀರಾಟ ಅಥವಾ ಎಸಿ ಇರುವ ಜಾಗ ಇಟ್ಟುಕೊಳ್ಳಿ. ಎರಡೂವರೆಗೆಲ್ಲ ಊಟ ಮುಗಿಸಿ ರೂಮಿಗೆ ವಾಪಸ್.

ಮಕ್ಕಳು ಮೂರೂವರೆಗೆ ಮಲಗುತ್ತಾರೆ. ಅವರ ಲೆಕ್ಕದಲ್ಲಿ ಅದು ಮಧ್ಯಾಹ್ನದ ಒಂದು. ಅಲ್ಲಿ ಮಳೆ ಧೋ ಅಂತ ಸುರಿಯುವುದೂ ಸಾಮಾನ್ಯವಾಗಿ ಮಧ್ಯಾಹ್ನವೇ. ನೀವೂ ಕಾಲು ಚಾಚಿ. ಐದೂವರೆಗೆ ಎದ್ದು ಹೊರಟರೆ ರಾತ್ರಿ ಹತ್ತರವರೆಗೂ ಅವರಿಗೆ ಆಯಾಸವಿಲ್ಲ. ಅವರ ಪಾಲಿಗೆ ಆಗಿನ್ನೂ ಏಳೂವರೆ, ಅಲ್ವಾ?

ಹೆಜ್ಜೆ 3: ರೈಲನ್ನೇ ಆಟ ಮಾಡಿ

ನಮ್ಮ ಮಕ್ಕಳನ್ನು "ಸಿಂಗಪುರದಲ್ಲಿ ಏನು ಚೆನ್ನಾಗಿತ್ತು?" ಅಂತ ಇವತ್ತು ಕೇಳಿದರೂ ಹುಲಿ, ಸಿಂಹ ಅನ್ನುವುದಿಲ್ಲ. "ಡ್ರೈವರ್ ಇಲ್ಲದ ರೈಲು" ಅನ್ನುತ್ತಾರೆ. ಅಲ್ಲಿಯ ಮೆಟ್ರೋ ಆದ ಎಂಆರ್‌ಟಿಯ ನಾರ್ತ್ ಈಸ್ಟ್, ಸರ್ಕಲ್, ಡೌನ್‌ಟೌನ್, ಥಾಮ್ಸನ್-ಈಸ್ಟ್ ಕೋಸ್ಟ್ ಮಾರ್ಗಗಳಲ್ಲಿ ಚಾಲಕರಿಲ್ಲ. ಪ್ಲಾಟ್‌ಫಾರ್ಮಿನ ತುದಿಗೆ ನಡೆದು ಮೊದಲ ಬೋಗಿ ಹತ್ತಿ. ಮುಂದಿನ ಗಾಜಿಗೆ ಮೂಗು ಒತ್ತಿ ನಿಂತರೆ ಸುರಂಗದ ದೀಪಗಳು ಒಂದೊಂದಾಗಿ ಎದುರಿಗೆ ಓಡಿ ಬರುತ್ತವೆ. ಮಗಳು ಎರಡು ಸ್ಟೇಷನ್ನಿನಷ್ಟು ದಾರಿ ಕೈಯಲ್ಲಿ ಇಲ್ಲದ ಸ್ಟೇರಿಂಗ್ ತಿರುಗಿಸಿದಳು. ಪಕ್ಕದಲ್ಲಿ ನಿಂತಿದ್ದ ಚೀನೀ ಅಜ್ಜ ಒಬ್ಬರು ಬ್ರೇಕ್ ಹಾಕುವ ಕೆಲಸ ವಹಿಸಿಕೊಂಡರು.

90 ಸೆಂಟಿಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ದೊಡ್ಡವರ ಜೊತೆ ಟಿಕೆಟ್ ಇಲ್ಲ. ಅದಕ್ಕಿಂತ ಎತ್ತರ, ಆದರೆ ಏಳು ವರ್ಷ ತುಂಬಿಲ್ಲ ಅಂದರೆ ಸ್ಟೇಷನ್ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ಮಕ್ಕಳ ರಿಯಾಯಿತಿ ಕಾರ್ಡ್ ವಿಚಾರಿಸಿ. ಎಲ್ಲ ಸ್ಟೇಷನ್ನಿನಲ್ಲೂ ಲಿಫ್ಟ್ ಇದೆ, ಬಸ್ಸಿನಲ್ಲಿ ಸ್ಟ್ರೋಲರ್ ಮಡಚದೆ ಹತ್ತಬಹುದು. ಡಬಲ್ ಡೆಕ್ಕರ್ ಸಿಕ್ಕರೆ ಮಹಡಿಯ ಮುಂದಿನ ಸೀಟು ಬಿಡಬೇಡಿ. ರೈಲಿನೊಳಗೆ ಮಾತ್ರ ಏನೂ ತಿನ್ನಿಸಬೇಡಿ, ದಂಡ 500 ಸಿಂಗಪುರ ಡಾಲರ್‌ವರೆಗೂ ಇದೆ. ನೀರು ಕುಡಿದರೂ ತಪ್ಪೇ.

ಇನ್ನು ಕಾರು. 1.35 ಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಚೈಲ್ಡ್ ಸೀಟ್ ಕಡ್ಡಾಯ. ಟ್ಯಾಕ್ಸಿಗೆ ಈ ನಿಯಮದಿಂದ ವಿನಾಯಿತಿ ಉಂಟು, ಆ್ಯಪಿನಲ್ಲಿ ಕರೆಯುವ ಖಾಸಗಿ ಕಾರಿಗೆ ಇಲ್ಲ. ಇದು ಗೊತ್ತಿಲ್ಲದೆ ಮಳೆಯಲ್ಲಿ ನಿಂತು ಎರಡು ಕಾರು ವಾಪಸ್ ಕಳಿಸಿದ ಮೇಲೆ ನಮಗೆ ಬುದ್ಧಿ ಬಂತು.

ಹೆಜ್ಜೆ 4: ಹಗಲಿನ ತುಂಡಿಗೆ ನೀರು

ಗಾರ್ಡನ್ಸ್ ಬೈ ದಿ ಬೇ ಒಳಗಿರುವ ಮಕ್ಕಳ ತೋಟಕ್ಕೆ ಪ್ರವೇಶ ಉಚಿತ. ನೆಲದಿಂದ ಚಿಮ್ಮುವ ಕಾರಂಜಿಗಳಿವೆ, ತೀರಾ ಚಿಕ್ಕವರಿಗೆ ಬೇರೆ ಜಾಗವಿದೆ. ಈಜುಡುಗೆ, ಟವೆಲ್ ಮರೆಯಬೇಡಿ. ಸೋಮವಾರ ಸಾಮಾನ್ಯವಾಗಿ ರಜೆ. ಗುಡುಗು ಸಿಡಿಲಿನ ಸೂಚನೆ ಬಂದರೆ ನೀರು ನಿಲ್ಲಿಸಿಬಿಡುತ್ತಾರೆ. ಆಗ ಪಕ್ಕದ ಕ್ಲೌಡ್ ಫಾರೆಸ್ಟಿಗೆ ನುಗ್ಗಿ. ಅದಕ್ಕೆ ಟಿಕೆಟ್ ಉಂಟು, ಆದರೆ ಗಾಜಿನ ಗುಮ್ಮಟದೊಳಗೆ ತಣ್ಣಗೆ ಬೀಳುವ ಜಲಪಾತ ಕಂಡರೆ ಕೊಟ್ಟ ದುಡ್ಡಿಗೆ ಬೇಜಾರಾಗುವುದಿಲ್ಲ. ಒದ್ದೆ ಬಟ್ಟೆಯಲ್ಲಿ ಮಾತ್ರ ಕರೆದೊಯ್ಯಬೇಡಿ, ಒಳಗೆ ನಿಜಕ್ಕೂ ಚಳಿ.

ಇನ್ನೊಂದು ದಿನಕ್ಕೆ ಬೊಟಾನಿಕ್ ಗಾರ್ಡನ್ಸ್. 1859ರಲ್ಲಿ ಶುರುವಾದ ತೋಟ, 2015ರಿಂದ ವಿಶ್ವ ಪರಂಪರೆಯ ತಾಣ. ಅದರೊಳಗಿನ ಜೇಕಬ್ ಬಲ್ಲಾಸ್ ಮಕ್ಕಳ ತೋಟದ ನಿಯಮ ನನಗೆ ಭಾರಿ ಇಷ್ಟ: ಮಗು ಜೊತೆಗಿಲ್ಲದ ದೊಡ್ಡವರಿಗೆ ಒಳಗೆ ಬಿಡುವುದಿಲ್ಲ! ಇದೂ ಉಚಿತ, ಇಲ್ಲೂ ಸೋಮವಾರ ರಜೆ.

ಸೆಂಟೋಸಾ ದ್ವೀಪಕ್ಕೆ ಹೋಗಲೇಬೇಕಾ? ಸಮುದ್ರದ ಮರಳಿಗೆ ಹೋಗಿ. ಅಲ್ಲಿಯ ದೊಡ್ಡ ರೈಡುಗಳು ಐದು ವರ್ಷದೊಳಗಿನವರಿಗೆ ದುಡ್ಡು ದಂಡ.

ಹೆಜ್ಜೆ 5: ಊಟಕ್ಕೆ ಪರದಾಡಬೇಡಿ

ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೆಯಲ್ಲಿ ದೋಸೆ, ಇಡ್ಲಿ, ಮೊಸರನ್ನ ಸಿಗುತ್ತದೆ. ಅಲ್ಲಿಯ ಕೋಮಳ ವಿಲಾಸ್ 1947ರಿಂದ ಇದೆ. ಸಾಲು ಸಾಲು ಊಟದಂಗಡಿಗಳಿರುವ ಹಾಕರ್ ಸೆಂಟರುಗಳಲ್ಲೂ ಊಟ ಅಗ್ಗ. ಖಾಲಿ ಟೇಬಲ್ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಕೂರಬೇಡಿ, ಯಾರೋ ಸೀಟು ಹಿಡಿದಿದ್ದಾರೆ ಅಂತ ಅರ್ಥ. ನಮ್ಮ ಬಸ್ಸಿನ ಕರ್ಚೀಫಿನ ಹಾಗೆಯೇ. ಅದಕ್ಕೆ ಅಲ್ಲಿ "ಚೋಪ್" ಅನ್ನುತ್ತಾರೆ. ತಿಂದ ಮೇಲೆ ಟ್ರೇ ನೀವೇ ಎತ್ತಿಡಬೇಕು, ಅದು ಕಾನೂನು. ನಲ್ಲಿ ನೀರು ಧೈರ್ಯವಾಗಿ ಕುಡಿಯಬಹುದು.

ಆರ್ಚರ್ಡ್ ರಸ್ತೆಯಲ್ಲಿ ತಳ್ಳುಗಾಡಿಯ ಐಸ್‌ಕ್ರೀಮ್ ಹುಡುಕಿ. ಅಂಕಲ್ ಇಟ್ಟಿಗೆಯಂಥ ಐಸ್‌ಕ್ರೀಮ್ ಗಟ್ಟಿಯನ್ನು ಚಾಕುವಿನಿಂದ ಟಕ್ ಅಂತ ಕತ್ತರಿಸಿ, ಗುಲಾಬಿ-ಹಸಿರು ಬಣ್ಣದ ಬ್ರೆಡ್ಡಿನಲ್ಲಿ ಮಡಚಿ ಕೊಡುತ್ತಾರೆ. ಬ್ರೆಡ್ಡಿನ ಜೊತೆ ಐಸ್‌ಕ್ರೀಮಾ ಅಂತ ನಾನು ಮೂಗು ಮುರಿದೆ. ಮಗ ಬ್ರೆಡ್ಡನ್ನೂ ಬಿಡದೆ ತಿಂದ, ಕೈಯಂತೂ ಒಂದು ತೊಟ್ಟೂ ಅಂಟಾಗಲಿಲ್ಲ.

ಹೆಜ್ಜೆ 6: ಸಂಜೆಯೇ ದೊಡ್ಡ ಹಬ್ಬ

ಗಾರ್ಡನ್ಸ್ ಬೈ ದಿ ಬೇಯ ಸೂಪರ್‌ಟ್ರೀಗಳ ಕೆಳಗೆ ದಿನಾ 7.45ಕ್ಕೂ 8.45ಕ್ಕೂ ಬೆಳಕಿನ ಆಟ ನಡೆಯುತ್ತದೆ. ದುಡ್ಡಿಲ್ಲ. ಒಂದು ತೆಳು ಚಾದರ ಹಾಸಿ ಅಂಗಾತ ಮಲಗಿ ನೋಡಿ. 50 ಮೀಟರ್‌ವರೆಗೂ ಎತ್ತರದ ಆ ಉಕ್ಕಿನ ಮರಗಳು ಬಣ್ಣ ಬದಲಿಸುವುದನ್ನು ಕೂತು ನೋಡಿದರೆ ಕತ್ತು ನೋವು.

ನೈಟ್ ಸಫಾರಿಯ ಬಾಗಿಲು ತೆರೆಯುವುದು ರಾತ್ರಿ 7.15ಕ್ಕೆ. ಅಲ್ಲಿಯವರ ಮಕ್ಕಳು ಟ್ರಾಮಿನಲ್ಲಿ ತೂಕಡಿಸುವಾಗ ನಮ್ಮವರು ಕಣ್ಣರಳಿಸಿ ಕೂತಿರುತ್ತಾರೆ, ಅವರಿಗದು ಸಂಜೆಯ ಆಟದ ಹೊತ್ತು. ಟಿಕೆಟ್ ಮತ್ತು ಪ್ರವೇಶದ ಸಮಯ ಮೊದಲೇ ಕಾಯ್ದಿರಿಸಿ. ಮೂರು ವರ್ಷದೊಳಗಿನವರಿಗೆ ಟಿಕೆಟ್ ಬೇಡ. ಬಸ್ಸಿಗೆ ಕಾಟಿಬ್ ಸ್ಟೇಷನ್ನಿನಲ್ಲಿ ಇಳಿಯಿರಿ.

ಟಿಕೆಟ್ ಸಾಕಾಯಿತು ಅನ್ನಿಸಿದ ಸಂಜೆ ತೊವಾ ಪಾಯೋ ಬಡಾವಣೆಗೆ ಹೋಗಿ. ಅಪಾರ್ಟ್‌ಮೆಂಟುಗಳ ಮುಂದೆ 1979ರ ಡ್ರ್ಯಾಗನ್ ಆಟದಂಗಳವಿದೆ. ಕಿತ್ತಳೆ ಬಣ್ಣದ ತಲೆ, ಕೆಳಗೆ ಮರಳು, ಅಷ್ಟೇ. ನಮ್ಮವರು ಅಲ್ಲಿ ಒಂದೂವರೆ ಗಂಟೆ ಅಗೆದರು. ನಾವು ಬೆಂಚಿನ ಮೇಲೆ ಕೂತು ಕಾಫಿ ಕುಡಿದೆವು.

ಹೆಜ್ಜೆ 7: ಕೊನೆಯ ದಿನ ವಿಮಾನ ನಿಲ್ದಾಣವನ್ನೇ ನೋಡಿ

ಬೆಂಗಳೂರಿನ ವಿಮಾನ ರಾತ್ರಿಯದಾದರೆ ಸಂಜೆ ಐದಕ್ಕೇ ಚಾಂಗಿ ವಿಮಾನ ನಿಲ್ದಾಣ ಸೇರಿಕೊಳ್ಳಿ. 2019ರಲ್ಲಿ ತೆರೆದ ಅಲ್ಲಿಯ ಜ್ಯುವೆಲ್ ಮಾಲ್‌ನಲ್ಲಿ 40 ಮೀಟರ್ ಎತ್ತರದಿಂದ ಸೂರಿನ ನಡುವೆಯೇ ನೀರು ಬೀಳುತ್ತದೆ. ಕತ್ತಲಾದ ಮೇಲೆ ಅದಕ್ಕೆ ಬಣ್ಣ ಹರಿಸುತ್ತಾರೆ. ಅಲ್ಲೇ ಊಟ ಮಾಡಿಸಿ, ಶೌಚಾಲಯದಲ್ಲಿ ಮುಖ ತೊಳೆಸಿ, ಮಲಗುವ ಬಟ್ಟೆ ಹಾಕಿಸಿ. ವಿಮಾನ ಮೇಲೇರುವಷ್ಟರಲ್ಲಿ ನಮ್ಮ ಇಬ್ಬರೂ ಮಲಗಿಬಿಟ್ಟಿದ್ದರು. ಮರುದಿನ ಬೆಂಗಳೂರಿನಲ್ಲಿ ಏಳಕ್ಕೆ ಸರಿಯಾಗಿ ಎದ್ದು ಹಾಲು ಕೇಳಿದರು. ನಾವಿಬ್ಬರು ಹನ್ನೊಂದರವರೆಗೆ ಏಳಲಿಲ್ಲ, ಅಜ್ಜಿ ನೋಡಿಕೊಂಡರು.