ಸಿಡಿ4 ರಿಪೋರ್ಟ್: ರಕ್ತ ಕೊಡುವುದರಿಂದ ಓದುವವರೆಗೆ

ಮಳೆಗಾಲದಲ್ಲಿ ಕಾಸರಗೋಡಿನ ಕಡೆ ‘ಕೌಂಟ್ ಕಡಿಮೆ’ ಎಂದರೆ ಡೆಂಗಿಯ ಪ್ಲೇಟ್‌ಲೆಟ್ ಎಂದೇ ಎಲ್ಲರ ಲೆಕ್ಕ. ಸಿಡಿ4 ಕೌಂಟ್ ಬೇರೆಯೇ. ಅದು ಸಹಾಯಕ ಟಿ ಕೋಶಗಳೆಂಬ ಒಂದು ಬಗೆಯ ಬಿಳಿ ರಕ್ತಕಣಗಳ ಎಣಿಕೆ. ಬಿ ಕೋಶಗಳು ಪ್ರತಿಕಾಯ ತಯಾರಿಸಲು, ಮ್ಯಾಕ್ರೋಫೇಜ್‌ಗಳು ತಾವು ನುಂಗಿದ ಕ್ಷಯದ ಬ್ಯಾಕ್ಟೀರಿಯಾವನ್ನು ಹತೋಟಿಯಲ್ಲಿಡಲು ಇವುಗಳ ಸಂಕೇತ ಬೇಕು. ಎಚ್‌ಐವಿ ಹೊಕ್ಕು ಹಾಳುಮಾಡುವುದೂ ಇವುಗಳನ್ನೇ.

ಪರೀಕ್ಷೆಗೆ ಖಾಲಿ ಹೊಟ್ಟೆ ಬೇಕಿಲ್ಲ. ನೇರಳೆ ಮುಚ್ಚಳದ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಾಸಾಯನಿಕ) ಟ್ಯೂಬಿಗೆ 2–3 ಮಿ.ಲೀ. ರಕ್ತ ತೆಗೆದ ಕೂಡಲೇ 8–10 ಸಲ ಮೆಲ್ಲನೆ ತಲೆಕೆಳಗು ಮಾಡಬೇಕು. ಕುಲುಕಬಾರದು. ಸಣ್ಣ ಹೆಪ್ಪು ಕಂಡರೂ ಆ ಸ್ಯಾಂಪಲ್ ಕೆಲಸಕ್ಕೆ ಬಾರದು. ತಲಪಾಡಿ ದಾಟಿ ಮಂಗಳೂರಿಗೆ ಕಳಿಸುವುದಾದರೆ ಐಸ್ ಪೆಟ್ಟಿಗೆಯಲ್ಲಿಡಬೇಡಿ, ಇದು ಲಸಿಕೆಯಲ್ಲ. 18–25 ಡಿಗ್ರಿ ಸಾಕು. ಏಪ್ರಿಲ್ ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯೂ ಬೇಡ. ರಕ್ತ ತೆಗೆದ ಗಂಟೆಯನ್ನು ಟ್ಯೂಬಿನ ಮೇಲೆ ಬರೆದಿರಲಿ. ಯಂತ್ರಕ್ಕೆ ತಕ್ಕಂತೆ 24ರಿಂದ 48 ಗಂಟೆಯೊಳಗೆ ಎಣಿಕೆ ಮುಗಿಯಬೇಕಾಗುತ್ತದೆ.

ರಿಪೋರ್ಟಿನಲ್ಲಿ ಎರಡು ಅಂಕಿ ನೋಡಿ: ಸಂಖ್ಯೆ ಮತ್ತು ಶೇಕಡಾ. ಆರೋಗ್ಯವಂತ ವಯಸ್ಕರಲ್ಲಿ ಸಂಖ್ಯೆ ಘನ ಮಿಲಿಮೀಟರಿಗೆ ಸುಮಾರು 500–1500. ಅನೇಕ ಲ್ಯಾಬುಗಳಲ್ಲಿ ಅದು ಗುಣಾಕಾರದಿಂದ ಬರುತ್ತದೆ. ಬಿಳಿ ರಕ್ತಕಣ 6000, ಅದರಲ್ಲಿ ಲಿಂಫೋಸೈಟ್ ಶೇ. 30 ಎಂದರೆ 1800. ಅದರಲ್ಲಿ ಸಿಡಿ4 ಶೇ. 25 ಎಂದರೆ 450. ವೈರಲ್ ಜ್ವರ ಬಂದು ಬಿಳಿ ರಕ್ತಕಣ 4000ಕ್ಕೆ ಇಳಿಯಿತೆನ್ನಿ. ಶೇಕಡಾ ಎರಡೂ ಹಾಗೇ ಇದ್ದರೂ ಉತ್ತರ 300! ಹೀಗೆ ಹೆದರಿದವರು ಕಡಿಮೆಯಲ್ಲ. ಸ್ಟೀರಾಯ್ಡ್ ಮಾತ್ರೆ, ಗರ್ಭಿಣಿಯ ರಕ್ತ ತೆಳುವಾಗುವುದು, ಇವೂ ಸಂಖ್ಯೆಯನ್ನು ಇಳಿಸುತ್ತವೆ. ಬೆಳಿಗ್ಗೆಗಿಂತ ಸಂಜೆ ಹೆಚ್ಚಿರುವುದುಂಟು. ಜ್ವರ ಬಿಟ್ಟ ಮೇಲೆ, ಅದೇ ಲ್ಯಾಬಿನಲ್ಲಿ, ಅದೇ ಹೊತ್ತಿಗೆ ಮತ್ತೆ ಕೊಡಿ. ಐದು ವರ್ಷದೊಳಗಿನ ಮಕ್ಕಳಲ್ಲಂತೂ ಶೇಕಡಾವನ್ನೇ ನಂಬುವುದು ವಾಸಿ.

ಎಚ್‌ಐವಿ ಇರುವವರ ಸಿಡಿ4 ಸಂಖ್ಯೆ 350ಕ್ಕಿಂತ ಕೆಳಗಿದ್ದರೆ ಬೇರೆ ಸೋಂಕು ತಡೆಯುವ ಕೋಟ್ರಿಮಾಕ್ಸಜೋಲ್ (ಸಲ್ಫಾ ಇರುವ ಆಂಟಿಬಯಾಟಿಕ್) ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಮೊದಲೇ ಹೇಳಿ. 200ಕ್ಕಿಂತ ಕೆಳಗೆ ಹೋದರೆ ಕಾಯಿಲೆ ಮುಂದುವರಿದಿದೆ ಎಂದರ್ಥ. ಆಗ ಬಿಡದ ತಲೆನೋವನ್ನು ಬಾಮ್ ಹಚ್ಚಿ ಸುಮ್ಮನಾಗಿಸಬೇಡಿ, ಮೆದುಳಿನ ಫಂಗಸ್ ಸೋಂಕೂ ಇರಬಹುದು. ಕೆಮ್ಮು, ರಾತ್ರಿ ಬೆವರು, ತೂಕ ಇಳಿಕೆಗೆ ಕೌಂಟ್ ಎಷ್ಟೇ ಇರಲಿ, ಕ್ಷಯದ ಪರೀಕ್ಷೆ ಆಗಲೇಬೇಕು.

ಎಆರ್‌ಟಿ (ಎಚ್‌ಐವಿ ಹತ್ತಿಕ್ಕುವ ಮಾತ್ರೆಗಳ ಚಿಕಿತ್ಸೆ) ಶುರುಮಾಡಲು ಕೌಂಟ್ ಇಳಿಯುವ ತನಕ ಕಾಯುವ ಪದ್ಧತಿ ನಮ್ಮ ದೇಶದಲ್ಲಿ 2017ಕ್ಕೇ ಮುಗಿಯಿತು. ಮಾತ್ರೆ ಹಿಡಿದಿದೆಯೇ ಎಂದು ತಿಳಿಸುವುದು ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್‌ನ ಪ್ರಮಾಣ. ಸಿಡಿ4 600 ದಾಟಿತೆಂದು ಮಾತ್ರೆ ಬಿಟ್ಟರೆ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏರುತ್ತದೆ, ಕೌಂಟ್ ಅದರ ಹಿಂದೆಯೇ ಇಳಿಯುತ್ತದೆ.